ಏಳನೇ ನಂಬರಿನ ಜಾಗ

ನೋಟೀಸು ಕಳಿಸುವುದೇ ನನ್ನ ಉದ್ಯೋಗವಾಗಿತ್ತು ಎಂದರೆ ಅತಿಶಯೋಕ್ತಿ ಆಗಲಾರದು. 1980ರಲ್ಲಿ ಬ್ಯಾಂಕು ಸೇರಿ 2017ರ ಮಾರ್ಚ್ 31ರಂದು ನಿವೃತ್ತನಾಗುವವರೆಗೆ, ಅದರಲ್ಲೂ ಸಾಲ ವಸೂಲಿ ವಿಭಾಗದಲ್ಲಿ ಕಳೆದ ಹನ್ನೊಂದು ವರ್ಷಗಳಲ್ಲಿ, ‘ಈ ಪತ್ರ ತಲುಪಿದ ಇಷ್ಟು ದಿನಗಳೊಳಗೆ’ ಎಂದು ಎಷ್ಟು ಜನರಿಗೆ ಬರೆದು ಸಹಿ ಹಾಕಿದ್ದೇನೋ ಲೆಕ್ಕವಿಲ್ಲ. ಅಂಥ ನನ್ನ ಮುಲುಂಡಿನ ಮನೆಯ ಬಾಗಿಲಿಗೆ 2022ರ ಮೇ ತಿಂಗಳ ಒಂದು ಮಧ್ಯಾಹ್ನ ಕೋರ್ಟಿನ ಬೇಲಿಫ ಬಂದು ನಿಂತ. ಚಹಾಕ್ಕೆ ನೀರಿಟ್ಟಿದ್ದೆ. "ಕಾಕಾ, ಇಥೇ ಸಹೀ ಕರಾ" ಅಂದ. ಎಲ್ಲಿ ಸಹಿ ಮಾಡಬೇಕು ಅಂತ ಅವನು ತೋರಿಸಬೇಕಾಗಿರಲಿಲ್ಲ. ಆದರೆ ಆ ಹೊತ್ತಿಗೆ ಕೈ ಯಾಕೋ ಸ್ವಲ್ಪ ನಡುಗಿತು.

ಸಹಕಾರ ನ್ಯಾಯಾಲಯದ ಸಮನ್ಸು. ಮರಾಠಿಯಲ್ಲಿತ್ತು. ವಾದಿ ನಾವಿರುವ ಸೊಸೈಟಿ, ಪ್ರತಿವಾದಿ ನಾನು. ಸ್ಟಿಲ್ಟಿನ ಕೆಳಗಿನ ಏಳನೇ ನಂಬರಿನ ಕಾರು ನಿಲ್ಲಿಸುವ ಜಾಗಕ್ಕೆ ತಿಂಗಳಿಗೆ 500 ರೂಪಾಯಿಯಂತೆ 2017ರ ಏಪ್ರಿಲ್‌ನಿಂದ 2022ರ ಮಾರ್ಚ್‌ವರೆಗೆ ಅರವತ್ತು ತಿಂಗಳ ಬಾಡಿಗೆ 30,000. ಅದರ ಮೇಲೆ ಬಡ್ಡಿ 22,337. ಒಟ್ಟು 52,337 ರೂಪಾಯಿ. ನಿಗದಿಪಡಿಸಿದ ದಿನ ಹಾಜರಾಗಿ ಉತ್ತರ ಕೊಡದಿದ್ದರೆ ನಿಮ್ಮ ಗೈರುಹಾಜರಿಯಲ್ಲೇ ತೀರ್ಮಾನವಾಗುತ್ತದೆ ಎಂಬ ಕೊನೆಯ ವಾಕ್ಯವಂತೂ ನನಗೆ ಬಾಯಿಪಾಠ.

ಊರಕಡೆ ಇರುವ ಓದುಗರಿಗೆ ಒಂದು ಮಾತು ಹೇಳಬೇಕು. ಮುಂಬಯಿಯ ಸೊಸೈಟಿ ಎಂದರೆ ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನಂಥದಲ್ಲ. ಅದು 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಯ ಕೆಳಗೆ ನೋಂದಾಯಿಸಿದ ಸಂಸ್ಥೆ. ನಾವೆಲ್ಲ ಅದರ ಶೇರುದಾರರು. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ವಾರ್ಷಿಕ ಸಭೆ, ಸಭೆಯಲ್ಲಿ ನೀರಿನ ಟ್ಯಾಂಕಿಗಾಗಿ ಜಗಳ, ಕೊನೆಗೆ ಬಟಾಟೆ ವಡೆ. ಇನ್ನು ಸ್ಟಿಲ್ಟ್ ಎಂದರೆ ಕಂಬಗಳ ಮೇಲೆ ಕಟ್ಟಡ ಎತ್ತಿ ಕೆಳಗೆ ಬಿಟ್ಟ ತೆರೆದ ಜಾಗ. ಇಲ್ಲಿ ಮನುಷ್ಯರಿಗೇ ಜಾಗವಿಲ್ಲ, ಕಾರಿನ ಮಾತೇನು! ಹಿಂದೆ ಬಿಲ್ಡರುಗಳು ಈ ಜಾಗವನ್ನು ಬೇರೆಯಾಗಿಯೇ ಮಾರುತ್ತಿದ್ದರು. ಹಾಗೆ ಮಾರುವಂತಿಲ್ಲ, ಅದು ಎಲ್ಲರಿಗೂ ಸೇರಿದ್ದು ಎಂದು ಸುಪ್ರೀಂ ಕೋರ್ಟು 2010ರಲ್ಲಿ ಹೇಳಿದ್ದು ಮುಂಬಯಿಯದೇ ಒಂದು ಸೊಸೈಟಿಯ ಪ್ರಕರಣದಲ್ಲಿ. ಜಾಗ ಸೊಸೈಟಿಯದು, ಸದಸ್ಯನಿಗೆ ಹಂಚಿಕೊಡುತ್ತಾರೆ, ಸಭೆ ಗೊತ್ತುಮಾಡಿದ ದರದಲ್ಲಿ ಅವನು ಹಣ ಕಟ್ಟಬೇಕು.

ನಾನು ಕಟ್ಟಿರಲಿಲ್ಲ. ಯಾಕೆಂದರೆ ನನ್ನ ಹತ್ತಿರ ಕಾರೇ ಇರಲಿಲ್ಲ. ಸ್ಟಾಫ್ ಲೋನಿನಲ್ಲಿ ಕೊಂಡಿದ್ದ ಕಾರನ್ನು ನಿವೃತ್ತಿಯ ತಿಂಗಳಲ್ಲೇ ಮಾರಿದ್ದೆ. ಪ್ರತಿ ತಿಂಗಳ ಬಿಲ್ಲಿನಲ್ಲಿ ಪಾರ್ಕಿಂಗಿನ 500 ಕಳೆದು ಉಳಿದದ್ದಕ್ಕೆ ಚೆಕ್ ಬರೆಯುತ್ತಿದ್ದೆ. ಬಿಲ್ಲಿನ ಅಡಿಯಲ್ಲಿ ಬಾಕಿಯ ಅಂಕಿ ಬೆಳೆಯುತ್ತಿತ್ತು. ನಾನು ನೋಡುತ್ತಿರಲಿಲ್ಲ ಅಂತಲ್ಲ, ನೋಡಿ ಮಡಚಿಡುತ್ತಿದ್ದೆ. ಸೊಸೈಟಿಯಿಂದ ಎರಡು ನೋಟೀಸು ಬಂದಾಗಲೂ ಅಷ್ಟೆ. ನಾನು ಸಾಲ ಕೊಟ್ಟ ಜನ ಹೀಗೆ ಮಾಡಿದಾಗ ಅವರನ್ನು ‘ಉದ್ದೇಶಪೂರ್ವಕ ಸುಸ್ತಿದಾರ’ ಎಂದು ಫೈಲಿನಲ್ಲಿ ಬರೆದಿದ್ದೇನೆ.

ಮಗ ಬೆಂಗಳೂರಿನಿಂದ ಫೋನಿನಲ್ಲಿ ಹೇಳಿದ: "ಅಪ್ಪಾ, ಐವತ್ತು ಸಾವಿರಕ್ಕ ಕೋರ್ಟು ಯಾಕ? ನಾ ಟ್ರಾನ್ಸ್‌ಫರ್ ಮಾಡ್ತೀನಿ, ಕಟ್ಟಿ ಬಿಟ್ಟುಬಿಡ್ರಿ. ಇಲ್ಲಾಂದ್ರ ಆ ಮನಿ ಮಾರಿ ಇಲ್ಲೇ ಬರ್ರಿ." ಗದಗಿನಲ್ಲಿರುವ ತಮ್ಮನದು ಇನ್ನೊಂದು ರಾಗ: "ಅಣ್ಣಾ, ಪರಊರಾಗ ಕೋರ್ಟ್ ಕಚೇರಿ ಅಂತ ಹೋದ್ರ ನಮ್ಮ ಕೂಡ ಯಾರ್ ನಿಲ್ತಾರ?" ಮೂವತ್ತು ವರ್ಷಕ್ಕೂ ಮೇಲೆ ಇದೇ ಊರಿನ ನೀರು ಕುಡಿದ ಮೇಲೆ ಅದು ಪರಊರು ಹೇಗಾದೀತು ಅಂತ ನಾನು ಕೇಳಲಿಲ್ಲ. ಆದರೆ ಆ ವಾರ ಲಿಫ್ಟಿನಲ್ಲಿ ಎದುರಾದವರು ಸುಮ್ಮನೆ ಗಡಿಯಾರ ನೋಡಿಕೊಂಡಾಗ ತಮ್ಮನ ಮಾತು ಚುಚ್ಚಿತು.

ಸುಮ್ಮನೆ ಕಟ್ಟಿಬಿಡಬಹುದಿತ್ತು. ನನಗೆ ತಡೆದದ್ದು ಬೆಟಗೇರಿಯ ಒಬ್ಬ ನೇಕಾರ.

1984ರಲ್ಲಿ ನಾನು ಆ ಭಾಗದ ಶಾಖೆಯಲ್ಲಿ ಹೊಸ ಅಧಿಕಾರಿ. ಮಗ್ಗಕ್ಕೆಂದು ಸಾಲ ತೆಗೆದುಕೊಂಡವನ ಮೇಲೆ ದಾವೆ ಹಾಕಿದೆವು. ಸಮನ್ಸು ಮುಟ್ಟಿತು, ಆತ ಬರಲಿಲ್ಲ. ಏಕಪಕ್ಷೀಯ ಡಿಕ್ರಿಯಾಯಿತು. ನಾನು ಅದನ್ನು ನನ್ನ ಮೊದಲ ಗೆಲುವು ಎಂದು ಮ್ಯಾನೇಜರರ ಮುಂದೆ ಬೀಗಿದ್ದೆ. ಅಮಲ್ಜಾರಿಯ ಹೊತ್ತಿಗೆ ಆತ ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದು ರಸೀದಿಗಳನ್ನು ಟೇಬಲಿನ ಮೇಲೆ ಹರಡಿದ. ಕಟ್ಟಿದ ಕಂತುಗಳಲ್ಲಿ ನಾಲ್ಕು, ಅದೇ ಹೆಸರಿನ ಮತ್ತೊಬ್ಬನ ಖಾತೆಗೆ ಜಮಾ ಆಗಿದ್ದವು. "ಕೋರ್ಟಿನ್ಯಾಗ ಯಾಕ ಹೇಳಲಿಲ್ಲೋ ಮಾರಾಯಾ?" ಅಂದರೆ, "ನೀವು ಕಲ್ತವ್ರು, ನಿಮ್ಮ ಬುಕ್ಕಿನ್ಯಾಗ ಬರದದ್ದು ಸುಳ್ಳಿರತೈತೇನ್ರೀ ಸಾಹೇಬ್ರ?" ಅಂದ. ಲೆಕ್ಕ ಸರಿಪಡಿಸಿದೆವು, ನಿಜ. ಆದರೆ ಅಷ್ಟರಲ್ಲಿ ಆತ ಒಂದು ಮಗ್ಗ ಮಾರಿಯಾಗಿತ್ತು. ಉತ್ತರ ಕೊಡದವನ ಸತ್ಯಕ್ಕೆ ಕೋರ್ಟಿನಲ್ಲಿ ಬಾಯಿಲ್ಲ ಅನ್ನುವುದನ್ನು ಎಂ.ಕಾಂ. ಓದಿದಾಗ ಯಾರೂ ಕಲಿಸಿರಲಿಲ್ಲ.

ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮಗಳಲ್ಲಿ ಪರಿಚಯವಾಗಿದ್ದ ಉಡುಪಿ ಕಡೆಯ ವಕೀಲರೊಬ್ಬರ ಬಳಿ ಹೋದೆ. ಹೋಗುವಾಗಲೇ ನನ್ನ ವಾದ ಸಿದ್ಧವಿತ್ತು. ಒಂದು, ಕಾರೇ ಇಲ್ಲ. ಎರಡು, ಮೂರು ವರ್ಷಕ್ಕೆ ಹಿಂದಿನ ಬಾಕಿ ಕಾಲಮಿತಿ ಮೀರಿದ್ದು. ಅವರು ನಕ್ಕರು.

"ಅದು ನಿಮ್ಮ ಬ್ಯಾಂಕಿನ ಕಾನೂನು ಮಾರಾಯ್ರೆ. ಇಲ್ಲಿ ಸದಸ್ಯನ ಬಾಕಿಗೆ ಕಾಲಮಿತಿಯ ಎಣಿಕೆ ಶುರುವಾಗುವುದೇ ಅವನು ತೀರಿಕೊಂಡ ದಿನದಿಂದ, ಇಲ್ಲಾ ಸದಸ್ಯತ್ವ ಬಿಟ್ಟ ದಿನದಿಂದ."

"ಹಂಗಾದ್ರ ನಾ ಸಾಯೂತನಕಾ ಬಾಕಿ ಜೀವಂತ?"

"ಹೌದು. ಮತ್ತೆ ಈ ಉಪವಿಧಿ ಓದಿ."

ಓದಿದೆ. ಜಾಗ ಹಂಚಿಕೆಯಾದ ಸದಸ್ಯ, ತನ್ನ ವಾಹನವನ್ನು ಅಲ್ಲಿ ನಿಜವಾಗಿ ನಿಲ್ಲಿಸಲಿ ಬಿಡಲಿ, ಹಣ ಕಟ್ಟಬೇಕು. ಎರಡು ವಾದವೂ ಹೋದವು. ಕಾರು ಮಾರಿದರೆ ಸಾಲದು, ಜಾಗ ಬಿಟ್ಟುಕೊಟ್ಟಿದ್ದೇನೆ ಅಂತ ಬರೆದುಕೊಡಬೇಕಿತ್ತು. "ಬರೆದುಕೊಟ್ಟಿದ್ದೀರಾ?" ಎಂದು ಅವರು ಕೇಳಿದರು. ಕೌಂಟರಿನಲ್ಲಿ ಕೂತು ಸಾವಿರಾರು ಗ್ರಾಹಕರಿಗೆ "ಬರದು ಕೊಡ್ರಿ, ಕಾಪಿ ಮ್ಯಾಲ ಸಿಕ್ಕಾ ಹಾಕಿಸ್ಕೊಳ್ರಿ" ಎಂದು ಉಪದೇಶ ಮಾಡಿದ ನಾನು ತಲೆ ತಗ್ಗಿಸಿದೆ.

ಯಾಕೆ ಬರೆದುಕೊಡಲಿಲ್ಲ ಅನ್ನುವುದು ವಕೀಲರಿಗೆ ಹೇಳಲಿಲ್ಲ. ಕಾರು ಮಾರಿದ ದಿನ ನಾನು ಅರ್ಜಿ ಬರೆಯಲು ಕೂತಿದ್ದೆ. ನನ್ನವಳು ಬಂದು ಪೆನ್ನಿನ ಟೊಪ್ಪಿಗೆ ಮುಚ್ಚಿದಳು. "ನೋಡ್ರಿ, ಆ ಜಾಗಾ ಬಿಡಬ್ಯಾಡ್ರಿ. ಅಂವಾ ಬೆಂಗಳೂರಿಂದ ಕಾರ್ ತಗೊಂಡು ಬಂದ್ರ ಎಲ್ಲಿ ನಿಲ್ಲಸ್ತಾನ? ಜಾಗಾ ಇಲ್ಲಂತ ಬರೂದ ಬಿಟ್ಟಾನು." ಆಗಲೇ ಆಕೆಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಇರಲಿ ಬಿಡು ಅಂದೆ. ಜಾಗ ಇಟ್ಟುಕೊಂಡೆ, ಹಣ ಮಾತ್ರ ಕಟ್ಟಲಿಲ್ಲ. ಕಾರಿಲ್ಲದ ಜಾಗಕ್ಕೆ ಯಾಕೆ ಕಟ್ಟಲಿ ಎಂಬ ಹಟ. ಎರಡೂ ಒಟ್ಟಿಗೆ ಸರಿಯಾಗಿರಲು ಸಾಧ್ಯವಿಲ್ಲ ಎಂದು ಆಗ ಅನಿಸಲಿಲ್ಲ. ಮಗನ ಕಾರು ಆ ಜಾಗದಲ್ಲಿ ನಿಂತದ್ದು ಎರಡೇ ಸಲ. 2017ರ ದೀಪಾವಳಿಗೆ ಮೂರು ದಿನ. ಆಮೇಲೆ 2018ರ ಆಗಸ್ಟಿನಲ್ಲಿ, ಆಕೆ ಹೋದಾಗ, ಹದಿನಾಲ್ಕು ದಿನ.

ಸದಸ್ಯನಿಗೆ ತನ್ನ ವ್ಯವಹಾರದ ಮಟ್ಟಿಗೆ ಸೊಸೈಟಿಯ ಪುಸ್ತಕಗಳನ್ನು ನೋಡುವ ಹಕ್ಕಿದೆ. ವಕೀಲರು ಹೇಳಿದಂತೆ ಅರ್ಜಿ ಕೊಟ್ಟೆ, ಈ ಸಲ ಮರೆಯದೆ ಕಾಪಿಯ ಮೇಲೆ ಸಿಕ್ಕಾ ಹಾಕಿಸಿಕೊಂಡೆ. ಆಫೀಸು ಎಂದರೆ ನೀರಿನ ಪಂಪಿನ ಪಕ್ಕದ ಒಂದು ಕೋಣೆ, ರವಿವಾರ ಎರಡು ತಾಸು ತೆರೆಯುತ್ತದೆ. ಕಾರ್ಯದರ್ಶಿ ನಮ್ಮ ಕಣ್ಣೆದುರೇ ಬೆಳೆದ ಹುಡುಗ. ಹನ್ನೊಂದನೇ ಇಯತ್ತೆಯಲ್ಲಿ ಅವನಿಗೆ ಜಮಾ-ಖರ್ಚು ಹೇಳಿಕೊಟ್ಟವನು ನಾನು, ಶೇಂಗಾ ಹೋಳಿಗೆ ಬಡಿಸಿದವಳು ಆಕೆ. ಅವನೂ ನೆಲ ನೋಡುತ್ತಿದ್ದ. "ಕಾಕಾ, ಆಡಿಟರು ಎರಡು ವರ್ಷದಿಂದ ಬಾಕಿ ಬಗ್ಗೆ ಬರೀತಿದ್ದಾರೆ, ನಾವೇನು ಮಾಡೋಣ?" ಎಂದು ಮರಾಠಿಯಲ್ಲಿ ಕೇಳಿದ. ಆಡಿಟರ ಒಂದು ಸಾಲಿಗೆ ಹೆದರಿ ನಾನೂ ಎಷ್ಟು ದಾವೆ ಹಾಕಿಲ್ಲ! ಸಿಟ್ಟು ಅರ್ಧ ಇಳಿಯಿತು.

ಪಾರ್ಕಿಂಗಿನ ರಿಜಿಸ್ಟರು ಎರಡನೇ ರವಿವಾರ ಸಿಕ್ಕಿತು. ಏಳನೇ ನಂಬರು, ನನ್ನ ಹೆಸರು. ಅದರ ಮೇಲೆ ನೀಲಿ ಶಾಯಿಯ ಗೀಟು. ಕೆಳಗೆ ಮೂರನೇ ಮಹಡಿಯವರ ಹೆಸರು, 2018ರ ಅಕ್ಟೋಬರ್ 1. ಆಗಿನ ಕಾರ್ಯದರ್ಶಿಗೆ ನಾನು ಮೆಟ್ಟಿಲ ಮೇಲೆ ನಿಂತು "ಇನ್ನ ಆ ಜಾಗಾ ಬ್ಯಾಡ" ಅಂತ ಬಾಯಿಮಾತಿನಲ್ಲಿ ಹೇಳಿದ್ದು ಹೀಗೆ ದಾಖಲಾಗಿತ್ತು. ಅಂದಿನಿಂದ ಮೂರನೇ ಮಹಡಿಯವರು ತಪ್ಪದೆ ಹಣ ಕಟ್ಟುತ್ತಿದ್ದರು. ಬಿಲ್ಲು ಮಾಡುವ ಕಂಪ್ಯೂಟರಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಒಂದೇ ಜಾಗಕ್ಕೆ ಎರಡು ಬಿಲ್ಲು! ನಾನು ಕೂಡಲೇ ಕಾರ್ಯದರ್ಶಿಗೆ ತೋರಿಸಿ ಬೀಗಬಹುದಿತ್ತು. ಪುಟದ ನಕಲು ಕೇಳಿ, ಫೀ ಕಟ್ಟಿ, ರಸೀದಿ ತೆಗೆದುಕೊಂಡು ಮನೆಗೆ ಬಂದೆ.

ಆ ರಾತ್ರಿ ಬಡ್ಡಿಯ ಲೆಕ್ಕಕ್ಕೆ ಕೂತೆ. ಸುಖವಾದ ಕೆಲಸ ಅದು ನನಗೆ. ನಮ್ಮ ಸೊಸೈಟಿ ಒಪ್ಪಿಕೊಂಡಿದ್ದ ಮಾದರಿ ಉಪವಿಧಿಯಲ್ಲಿ ಇದ್ದದ್ದು ವರ್ಷಕ್ಕೆ ಶೇ. 21ಕ್ಕೆ ಮೀರದ ಸರಳ ಬಡ್ಡಿ. ತಿಂಗಳಿಗೆ ಒಂದೂಮುಕ್ಕಾಲು ಪರ್ಸೆಂಟಿನಂತೆ ಅರವತ್ತು ಕಂತಿಗೆ ಸರಳ ಬಡ್ಡಿ ಹಾಕಿದರೆ 15,487 ರೂಪಾಯಿ. ಅವರು ಹಾಕಿದ್ದು 22,337. ಪ್ರತಿ ತಿಂಗಳ ಬಡ್ಡಿಯನ್ನು ಬಾಕಿಗೆ ಕೂಡಿಸಿ ಮರುತಿಂಗಳು ಅದರ ಮೇಲೆ ಮತ್ತೆ ಬಡ್ಡಿ, ಅಂದರೆ ಚಕ್ರಬಡ್ಡಿ. ವ್ಯತ್ಯಾಸ 6,850. ಕಂಪ್ಯೂಟರು ಮಾಡಿದ ಲೆಕ್ಕವನ್ನು ಐದು ವರ್ಷ ಒಬ್ಬರೂ ಕೈಯಲ್ಲಿ ಮಾಡಿ ನೋಡಿರಲಿಲ್ಲ.

ವಕೀಲರ ಗುಮಾಸ್ತ ತಯಾರಿಸಿದ ಉತ್ತರದಲ್ಲಿ ಪ್ರತಿ ಪ್ಯಾರಾಕ್ಕೂ ಒಂದೇ ಮಾತಿತ್ತು: ಸುಳ್ಳು, ನಿರಾಕರಿಸಲಾಗಿದೆ. ದಾವೆಯ ಯಾವ ಮಾತನ್ನು ಸ್ಪಷ್ಟವಾಗಿ ನಿರಾಕರಿಸುವುದಿಲ್ಲವೋ ಅದನ್ನು ಒಪ್ಪಿಕೊಂಡಂತೆ ಎಂಬುದು ಸಿವಿಲ್ ಪ್ರಕ್ರಿಯೆಯ ನಿಯಮ. ಹೀಗಾಗಿ ವಕೀಲರು ಎಲ್ಲವನ್ನೂ ನಿರಾಕರಿಸಿಬಿಡುತ್ತಾರೆ. ನನ್ನ ಎದುರು ಪಕ್ಷದವರ ಇಂಥ ನೂರಾರು ಉತ್ತರ ಓದಿ ಹಲ್ಲು ಕಡಿದವನು ನಾನು. ಜಾಗ ನನಗೆ ಹಂಚಿಕೆಯಾಗಿತ್ತು ಎಂಬ ಪ್ಯಾರಾದ ಮುಂದೆಯೂ ‘ಸುಳ್ಳು’ ಎಂದಿತ್ತು.

"ಇದು ಖರೇ ಅದರೀ. ಸುಳ್ಳ ಹೆಂಗ ಬರೀಲಿ?"

"ಒಪ್ಪಿಕೊಂಡರೆ ಹದಿನೆಂಟು ತಿಂಗಳು ನಿಮ್ಮ ತಲೆಗೆ ಬರ್ತದೆ, ಗೊತ್ತುಂಟಲ್ಲ?"

"ಬರಲಿ. ಆ ಹದಿನೆಂಟು ತಿಂಗಳು ಜಾಗಾ ನಾವ ಇಟಗೊಂಡಿದ್ವಿ."

ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ ಕಾಗದವನ್ನು ನನ್ನ ಕಡೆಗೇ ತಳ್ಳಿದರು. ಪ್ಯಾರಾ ಪ್ಯಾರಾ ನಾನೇ ಬರೆದೆ. 2017ರ ಏಪ್ರಿಲ್‌ನಿಂದ 2018ರ ಸೆಪ್ಟೆಂಬರ್‌ವರೆಗಿನ 9,000 ರೂಪಾಯಿ ಒಪ್ಪುತ್ತೇನೆ. ಅದರ ಮೇಲೆ ಮಾರ್ಚ್ 2022ರವರೆಗೆ ಸರಳ ಬಡ್ಡಿ 7,954 ಒಪ್ಪುತ್ತೇನೆ. ಅಕ್ಟೋಬರ್ 2018ರ ನಂತರದ ನಲವತ್ತೆರಡು ತಿಂಗಳು ಒಪ್ಪುವುದಿಲ್ಲ, ರಿಜಿಸ್ಟರಿನ ನಕಲು ಲಗತ್ತಿಸಿದೆ. ಚಕ್ರಬಡ್ಡಿ ಒಪ್ಪುವುದಿಲ್ಲ, ಲೆಕ್ಕದ ಪಟ್ಟಿ ಲಗತ್ತಿಸಿದೆ. ಜಾಗ ಯಾಕೆ ಇಟ್ಟುಕೊಂಡೆ ಎಂಬ ಎರಡು ಸಾಲನ್ನೂ ಬರೆದಿದ್ದೆ. ಅದು ಬೇಡ, ಕೋರ್ಟಿಗೆ ಸಂಬಂಧವಿಲ್ಲ ಎಂದು ವಕೀಲರು ಹೊಡೆದುಹಾಕಿದರು. ಆದರೆ ಮಗನಿಗೆ ನಾನು ಕಳಿಸಿದ್ದು ಹೊಡೆದುಹಾಕುವ ಮುಂಚಿನ ಕರಡು. ಅದನ್ನು ಓದಿದ ಮೇಲೆ ಅವನು ಟ್ರಾನ್ಸ್‌ಫರಿನ ಮಾತು ತೆಗೆಯಲಿಲ್ಲ. ಎರಡು ದಿನ ಫೋನೂ ಬರಲಿಲ್ಲ.

ಕೋರ್ಟಿನ ಮೂರು ತಾರೀಖುಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಬೆಂಚು, ಫ್ಯಾನು, ಕಾಯುವುದು. ಎರಡನೇ ತಾರೀಖಿಗೆ ನಾನೂ ಕಾರ್ಯದರ್ಶಿಯೂ ಒಂದೇ ಲೋಕಲ್ಲಿನಲ್ಲಿ ಹೋಗಿ ಒಂದೇ ಲೋಕಲ್ಲಿನಲ್ಲಿ ಬಂದೆವು. ವಾಪಸು ಬರುವಾಗ ಅವನು ನನಗೆ ಸೀಟು ಹಿಡಿದುಕೊಟ್ಟ. ನ್ಯಾಯಾಧೀಶರು ರಿಜಿಸ್ಟರಿನ ನಕಲು ನೋಡಿ, ಇಬ್ಬರೂ ಕೂತು ಮುಗಿಸಿಕೊಳ್ಳಬಾರದೇಕೆ ಎಂದು ಸೊಸೈಟಿಯ ವಕೀಲರನ್ನು ಕೇಳಿದರು. 2022ರ ನವೆಂಬರಿನಲ್ಲಿ ರಾಜಿಯಾಯಿತು. 16,954 ರೂಪಾಯಿಯ ಚೆಕ್ ಕೊಟ್ಟೆ, ಉಳಿದ ಬಾಕಿಯನ್ನು ಅವರು ಕೈಬಿಟ್ಟರು. ವಕೀಲರು ಫೀ ಬೇಡವೆಂದರೂ ಐದು ಸಾವಿರ ಮೇಜಿನ ಮೇಲಿಟ್ಟು ಬಂದೆ. ಆ ಚಕ್ರಬಡ್ಡಿ ಬೇರೆ ಹನ್ನೊಂದು ಮನೆಗಳ ಬಿಲ್ಲಿನಲ್ಲೂ ಇತ್ತೆಂದು ಆಮೇಲೆ ಗೊತ್ತಾಯಿತು. ಅದನ್ನು ತಿದ್ದುವ ಕೆಲಸ ಯಾರ ತಲೆಗೆ ಬಂತು ಎಂದು ಬೇರೆ ಹೇಳಬೇಕಿಲ್ಲ. ನಾಲ್ಕು ರವಿವಾರ ಪಂಪಿನ ಸದ್ದಿನಲ್ಲಿ ಕೂತು ಮಾಡಿಕೊಟ್ಟೆ. ಲಿಫ್ಟಿನಲ್ಲಿ ಈಗ ಯಾರೂ ಗಡಿಯಾರ ನೋಡುವುದಿಲ್ಲ.

2023ರ ದೀಪಾವಳಿಗೆ ಮಗ ಕಾರಿನಲ್ಲೇ ಬಂದ, ಹೆಂಡತಿ ಮಕ್ಕಳ ಸಮೇತ. ಏಳನೇ ನಂಬರಿನಲ್ಲಿ ಮೂರನೇ ಮಹಡಿಯವರ ಕಾರು ನಿಂತಿತ್ತು. ಅವನು ಅದನ್ನು ಒಂದು ಸಲ ನೋಡಿ, ಏನೂ ಅನ್ನದೆ, ಕಾರನ್ನು ಹೊರಗೆ ತೆಗೆದು ರಸ್ತೆಯ ಪಕ್ಕ ನಿಲ್ಲಿಸಿ ಬಂದ. ಮರುದಿನ ಅವನ ಮೊಬೈಲಿಗೆ ಟ್ರಾಫಿಕ್ ಪೊಲೀಸರ ಇ-ಚಲನ್ ಬಂತು, ಫೋಟೋ ಸಮೇತ. ಅದರ ಹಿಂದೆಯೇ ನೋ ಪಾರ್ಕಿಂಗ್ ಫಲಕ ಸ್ವಚ್ಛವಾಗಿ ಕಾಣುತ್ತಿತ್ತು.

"ಅಪ್ಪಾ, ಇದಕ್ಕೂ ಉತ್ತರಾ ಬರಿಯೋಣೇನು?" ಅಂತ ಕೇಳಿದ.

"ಫೋಟೋದಾಗ ಇರೂದು ನಿನ್ನ ಕಾರ್ ಹೌದಲ್ಲೋ?"

"ಹೌದು."

"ಹಂಗಾದ್ರ ಕಟ್ಟು," ಅಂದೆ. ಕಟ್ಟಿದ.