ಕೆಮ್ಮದ ಕಾರಿನ ನಾಡಿ ಹಿಡಿಯೋದು ಹೇಗೆ?

"ಎಲೆಕ್ಟ್ರಿಕ್ ಕಾರಲ್ವಾ, ಮೇಂಟೆನೆನ್ಸೇ ಇರಲ್ಲ ಬಿಡಿ." ನಾಲ್ಕು ವರ್ಷದಿಂದ ಈ ಮಾತು ಕೇಳ್ತಾ ಇದೀನಿ. ಆಫೀಸ್ ಕ್ಯಾಂಟೀನಿನಲ್ಲಿ, ಬಸವೇಶ್ವರನಗರದ ದರ್ಶಿನಿ ಮುಂದೆ ಕಾಫಿ ಲೋಟ ಹಿಡಿದು ನಿಂತಾಗ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ. ಹೇಳುವವರಲ್ಲಿ ಅರ್ಧ ಜನ ಕಾರು ಕೊಳ್ಳೋಣವಾ ಅಂತ ಯೋಚನೆಯಲ್ಲಿರುವವರು, ಇನ್ನರ್ಧ ಕೊಂಡು ಆರು ತಿಂಗಳಾದವರು. ಮೂರು ವರ್ಷ ಓಡಿಸಿದವರು ಯಾರೂ ಇಷ್ಟು ಧೈರ್ಯವಾಗಿ ಹೇಳಿದ್ದನ್ನು ನಾನು ಕೇಳಿಲ್ಲ.

ಹಾಗಂತ ಅದು ಪೂರ್ತಿ ಸುಳ್ಳೂ ಅಲ್ಲ. ಎಂಜಿನ್ ಆಯಿಲ್ ಇಲ್ಲ, ಆಯಿಲ್ ಫಿಲ್ಟರ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ, ಸೈಲೆನ್ಸರ್ ಇಲ್ಲ, ಎಮಿಷನ್ ಟೆಸ್ಟ್ ಚೀಟಿಗಾಗಿ ಪೆಟ್ರೋಲ್ ಬಂಕಿನ ಮೂಲೆಯ ವ್ಯಾನ್ ಹುಡುಕೋದೂ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಕ್ಲಚ್ ಇಲ್ಲ. ಸಂಜೆ ಆರೂವರೆಗೆ ಕೆಂಗೇರಿ ಕಡೆಯಿಂದ ನಾಯಂಡಹಳ್ಳಿ ಸಿಗ್ನಲ್ ದಾಟಿ ವಿಜಯನಗರಕ್ಕೆ ಬಂದವರಿಗೆ ಇದರ ಸುಖ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಸರ್ವೀಸ್ ಬಿಲ್ಲೂ ಅಪ್ಪನ ಹಳೇ ಪೆಟ್ರೋಲ್ ಕಾರಿಗೆ ಹೋಲಿಸಿದರೆ ಕಡಿಮೆಯೇ.

ಆದರೆ ಪಟ್ಟಿಯಿಂದ ಹೋಗಿದ್ದನ್ನೇ ಎಲ್ಲರೂ ಎಣಿಸ್ತಾರೆ, ಉಳಿದಿದ್ದನ್ನು ಎಣಿಸೋರು ಕಡಿಮೆ. ಟೈರ್ ಇದೆ, ಬ್ರೇಕ್ ಇದೆ, ಬ್ರೇಕ್ ಆಯಿಲ್ ಇದೆ, ಸಸ್ಪೆನ್ಷನ್ ಇದೆ, ಬಹುತೇಕ ಕಾರುಗಳಲ್ಲಿ ಕೂಲೆಂಟ್ ಇದೆ, ಎಸಿ ಫಿಲ್ಟರ್ ಇದೆ. ಮತ್ತೆ, ಬಾನೆಟ್ ಕೆಳಗೆ ಒಂದು ಸಣ್ಣ, ಹಳೇ ಕಾಲದ 12 ವೋಲ್ಟ್ ಬ್ಯಾಟರಿ ಇದೆ. ನಮ್ಮ ಮನೆಯಲ್ಲಿ ಒಂದು ದಿನ ಎಲ್ಲರ ಬೆವರಿಳಿಸಿದ್ದು ಅದೇ.

ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಇತ್ತು. ಬೆಳಗ್ಗೆ ಆರೂವರೆಗೆ ರಾಜಾಜಿನಗರದ ಆಸ್ಪತ್ರೆಯಲ್ಲಿ ಇರಬೇಕು, ಖಾಲಿ ಹೊಟ್ಟೆ. ಶುಗರ್ ಇರೋರು ಅವರು, ಲೇಟಾಗುವ ಹಾಗಿಲ್ಲ. ಕಾರು ಹಿಂದಿನ ಸಂಜೆಯೇ ಚಾರ್ಜ್ ಆಗಿ 92 ಪರ್ಸೆಂಟ್ ತೋರಿಸಿತ್ತು. ಬೆಳಗ್ಗೆ ಕೀ ಒತ್ತಿದರೆ ಬಾಗಿಲೇ ತೆಗೀಲಿಲ್ಲ. ಕೀಯೊಳಗೆ ಅಡಗಿರೋ ಲೋಹದ ಬೀಗದ ಕೈ ಹಾಕಿ ತೆಗೆದರೆ ಒಳಗೆ ಸ್ಕ್ರೀನ್ ಕಪ್ಪು, ಲೈಟಿಲ್ಲ, ಹಾರ್ನಿಲ್ಲ. ಇನ್ನೂರು ಕಿಲೋಮೀಟರ್ ಓಡುವಷ್ಟು ಕರೆಂಟು ಹೊಟ್ಟೆಯಲ್ಲಿಟ್ಟುಕೊಂಡ ಕಾರು ಕಲ್ಲಿನ ಹಾಗೆ ನಿಂತಿತ್ತು. ಅಮ್ಮ ಆಟೋದಲ್ಲಿ ಹೋದರು. ಆಪರೇಷನ್ ಚೆನ್ನಾಗೇ ಆಯ್ತು, ಆದರೆ ಆ ಇಪ್ಪತ್ತು ನಿಮಿಷ ಗೇಟಿನ ಮುಂದೆ ಆಟೋಗಾಗಿ ಕಾದಾಗ ಅಮ್ಮನ ಮುಖ ನೋಡೋಕಾಗಲಿಲ್ಲ.

ಸಹಾಯವಾಣಿಗೆ ಫೋನ್ ಮಾಡಿದರೆ ಟೋಯಿಂಗ್ ಗಾಡಿ ಮಧ್ಯಾಹ್ನದ ಮೇಲೆ ಅಂದರು. ಅಪ್ಪ ಕಾಯಲಿಲ್ಲ. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟ್ ಹತ್ತಿರ ಅವರ ಹಳೇ ಕಾರನ್ನು ಹದಿನಾರು ವರ್ಷ ನೋಡಿಕೊಂಡ ಮೆಕ್ಯಾನಿಕ್ ಅಣ್ಣನಿಗೆ ಫೋನ್ ಹಚ್ಚಿದರು.

"ಏನಪ್ಪಾ, ಕರೆಂಟ್ ಕಾರು. ನೋಡೋಕಾಗುತ್ತಾ?"

"ಬಂದು ನೋಡ್ತೀನಿ ಸಾರ್. ಆರೆಂಜ್ ವೈರ್ ಮಾತ್ರ ನಾನು ಮುಟ್ಟಲ್ಲ."

ಬಂದವರು ಮಲ್ಟಿಮೀಟರ್ ಹಿಡಿದರು. 10.4 ವೋಲ್ಟ್. ಲೆಡ್ ಆ್ಯಸಿಡ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಿ ಸುಮ್ಮನೆ ನಿಂತಿದ್ದರೆ 12.6 ಆಸುಪಾಸು ಇರಬೇಕು. ಒಳಗಿನ ಆರು ಸೆಲ್‌ಗಳಲ್ಲಿ ಒಂದೊಂದೂ ಎರಡು ವೋಲ್ಟ್ ಚಿಲ್ಲರೆ ಕೊಡುತ್ತೆ, ಒಂದು ಸತ್ತರೆ ಹೀಗೇ ತೋರಿಸೋದು. "ಒಂದು ಸೆಲ್ ಹೋಗಿದೆ ತಮ್ಮ" ಅಂದರು. ಮ್ಯಾನ್ಯುಯಲ್‌ನಲ್ಲಿ ತೋರಿಸಿದ ಜಾಗಕ್ಕೆ ಜಂಪರ್ ಕೇಬಲ್ ಕೊಟ್ಟ ತಕ್ಷಣ ಸ್ಕ್ರೀನ್ ಹತ್ತಿತು. 92 ಪರ್ಸೆಂಟ್, ಒಂದು ಪಾಯಿಂಟೂ ಕಡಿಮೆಯಿಲ್ಲ.

ಇದು ಹೇಗೆ ಅಂತ ಆಮೇಲೆ ಎಷ್ಟೋ ಜನ ಕೇಳಿದರು. ಸೀಟಿನ ಕೆಳಗಿರೋ ದೊಡ್ಡ ಬ್ಯಾಟರಿ ಮುನ್ನೂರು ವೋಲ್ಟಿಗೂ ಮೇಲಿನದು. ಕಾರು ನಿಂತಾಗ ಸುರಕ್ಷತೆಗಾಗಿ ಅದನ್ನು ದೊಡ್ಡ ಸ್ವಿಚ್‌ಗಳ ಮೂಲಕ ಬೇರ್ಪಡಿಸಿಟ್ಟಿರುತ್ತಾರೆ. ಆ ಸ್ವಿಚ್ ಮುಚ್ಚಬೇಕಾದರೆ, ಕಾರಿನ ಕಂಪ್ಯೂಟರ್ ಏಳಬೇಕಾದರೆ, ಬಾಗಿಲಿನ ಲಾಕ್ ತೆಗೀಬೇಕಾದರೆ ಬೇಕಾಗೋದು ಈ ಸಣ್ಣ ಬ್ಯಾಟರಿಯೇ. ಅದು ಇಲ್ಲದಿದ್ದರೆ ದೊಡ್ಡದು ಇದ್ದೂ ಇಲ್ಲದ ಹಾಗೆ. ತಿಜೋರಿ ತುಂಬಾ ದುಡ್ಡು, ಬೀಗದ ಕೈ ಬಾವಿಯಲ್ಲಿ.

ಅವತ್ತೇ ಹೊಸ ಬ್ಯಾಟರಿ ಹಾಕಿಸಿದ್ದಾಯ್ತು. ನನಗೆ ಕಸಿವಿಸಿಯಾಗಿದ್ದು ಬೇರೆ ವಿಷಯಕ್ಕೆ. ಬರೀ ಮೂರು ವಾರ ಹಿಂದೆ ಕಾರು ಸರ್ವೀಸ್‌ಗೆ ಹೋಗಿ ಬಂದಿತ್ತು. ಅವರು ಕೊಟ್ಟ ಹಾಳೆಯಲ್ಲಿ "12 ವೋಲ್ಟ್ ಬ್ಯಾಟರಿ" ಅನ್ನೋ ಸಾಲಿನ ಎದುರಿಗೆ ಒಂದು ಟಿಕ್ ಮಾರ್ಕ್ ಇತ್ತು. ಮೂರೂವರೆ ವರ್ಷದ ಬ್ಯಾಟರಿ ಅದು, ಸಾಮಾನ್ಯವಾಗಿ ಅದರ ಆಯಸ್ಸೇ ಮೂರು ನಾಲ್ಕು ವರ್ಷ. ಎಷ್ಟು ವೋಲ್ಟ್ ಇತ್ತು, ಲೋಡ್ ಕೊಟ್ಟು ನೋಡಿದರಾ ಅಂತ ಕೇಳಿದರೆ ಕೌಂಟರಿನ ಹುಡುಗಿ ಹಾಳೆಯನ್ನೇ ತಿರುಗಿಸಿ ತೋರಿಸಿದಳು. "ಓಕೆ ಅಂತ ಇದೆಯಲ್ಲಾ ಸರ್."

ನಮ್ಮ ಕೆಲಸದಲ್ಲಿ ಟೆಸ್ಟ್ ಪಾಸ್ ಅಂತ ಬರೆದು ಲಾಗ್ ತೋರಿಸದಿದ್ದರೆ ಯಾರೂ ಒಪ್ಪಲ್ಲ. ಕಾರಿನ ವಿಷಯದಲ್ಲಿ ಟಿಕ್ ಮಾರ್ಕನ್ನು ನಾವೆಲ್ಲ ಒಪ್ಪಿಕೊಂಡು ಬಂದಿದ್ದೀವಿ, ಯಾಕೆಂದರೆ ಹಳೇ ಕಾರು ತನ್ನ ಕಾಯಿಲೆಯನ್ನು ತಾನೇ ಹೇಳಿಕೊಳ್ತಾ ಇತ್ತು. ಬ್ಯಾಟರಿ ಸೋತರೆ ಸ್ಟಾರ್ಟರ್ ವಾರಗಟ್ಟಲೆ ಮೊದಲೇ ಗೊರಗೊರ ಅಂತ ನರಳೋದು. ಬೆಲ್ಟ್ ಸವೆದರೆ ಕಿರುಚೋದು. ಸೈಲೆನ್ಸರ್ ತೂತಾದರೆ ಇಡೀ ಬೀದಿಗೇ ಗೊತ್ತಾಗೋದು. ಅಪ್ಪ ಗೇಟ್ ಹತ್ತಿರ ನಿಂತು ಕಿವಿಯಲ್ಲೇ ರೋಗ ಹಿಡೀತಿದ್ದರು. ಎಲೆಕ್ಟ್ರಿಕ್ ಕಾರಿಗೆ ಸ್ಟಾರ್ಟರೇ ಇಲ್ಲ, ನರಳೋದು ಎಲ್ಲಿಂದ? ನಿನ್ನೆ ಚೆನ್ನಾಗಿತ್ತು, ಇವತ್ತು ಕಲ್ಲು. ಈ ಕಾರಿಗೆ ಕೆಮ್ಮೋದು ಬರಲ್ಲ, ಹಾಗಾಗಿ ಅಳತೆ ಮಾಡಿಯೇ ನೋಡಬೇಕು. ಉಳಿದಿರೋ ಕೆಲಸಗಳು ಕಡಿಮೆ ಅನ್ನೋದು ನಿಜ. ಕಡಿಮೆ ಇರೋದರಿಂದಲೇ ಒಂದೊಂದನ್ನೂ ನಿಜವಾಗಿ ಮಾಡಬೇಕು.

ಆಮೇಲಿಂದ ಸರ್ವೀಸ್‌ಗೆ ಬಿಡುವಾಗ ನಾನು ಟಿಕ್ ಬದಲು ಸಂಖ್ಯೆ ಕೇಳ್ತೀನಿ. ಸಣ್ಣ ಬ್ಯಾಟರಿ ಎಷ್ಟು ವೋಲ್ಟ್, ಬ್ರೇಕ್ ಪ್ಯಾಡ್ ಎಷ್ಟು ಮಿಲಿಮೀಟರ್, ಟೈರಿನ ಗಾಡಿ ಆಳ ಎಷ್ಟು, ದೊಡ್ಡ ಬ್ಯಾಟರಿಯ ಆರೋಗ್ಯ ಎಷ್ಟು ಪರ್ಸೆಂಟ್. ಮೊದಲ ಸಲ ಮುಖ ಸಿಂಡರಿಸಿದರು. ಎರಡನೇ ಸಲ ಬರೆದುಕೊಟ್ಟರು. ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಐದು ನಿಮಿಷ ಕೌಂಟರಿನಲ್ಲಿ ನಿಲ್ಲಬೇಕು ಅಷ್ಟೇ.

ಬೆಂಗಳೂರಿಗೆ ಎಲೆಕ್ಟ್ರಿಕ್ ಕಾರು ಹೊಸದೇನಲ್ಲ ಅನ್ನೋದನ್ನು ನಮ್ಮ ವಯಸ್ಸಿನವರು ಮರೆತಿದ್ದೀವಿ. ಚೇತನ್ ಮೈನಿ ಅವರ ರೇವಾ ಇದೇ ಊರಲ್ಲಿ ತಯಾರಾಗಿ 2001ರಲ್ಲೇ ರಸ್ತೆಗಿಳಿದಿತ್ತು. ಲಂಡನ್ನಿನಲ್ಲಿ ಅದೇ ಕಾರು ಜಿ-ವಿಜ್ ಅನ್ನೋ ಹೆಸರಲ್ಲಿ ಓಡಾಡ್ತಿತ್ತು. 2010ರಲ್ಲಿ ಕಂಪನಿ ಮಹೀಂದ್ರ ಕೈಗೆ ಹೋಯ್ತು. ಆ ಪುಟ್ಟ ಕಾರಿನ ಮುಂದಿನ ಸೀಟುಗಳ ಕೆಳಗೆ 6 ವೋಲ್ಟಿನ 8 ಲೆಡ್ ಆ್ಯಸಿಡ್ ಬ್ಯಾಟರಿ ಇರ್ತಿದ್ದವು, ಒಟ್ಟು 48 ವೋಲ್ಟ್. ಮನೆಯ ಇನ್ವರ್ಟರಿಗೆ ಹಾಕೋ ಹಾಗೆ ಅವಕ್ಕೂ ಡಿಸ್ಟಿಲ್ಡ್ ವಾಟರ್ ಹಾಕಬೇಕಿತ್ತು. ರಗಳೆಯೇ, ಆದರೆ ಆ ನೆಪದಲ್ಲಾದರೂ ಯಾರೋ ಒಬ್ಬರು ಬಗ್ಗಿ ಬ್ಯಾಟರಿ ನೋಡ್ತಿದ್ದರು. ಈಗಿನ ಲಿಥಿಯಂ ಬ್ಯಾಟರಿಗೆ ನೀರು ಬೇಕಿಲ್ಲ, ನೋಡುವವರೂ ಇಲ್ಲ.

ಬ್ರೇಕಿನದ್ದು ಇನ್ನೊಂದು ತಮಾಷೆ. ಆ್ಯಕ್ಸಲರೇಟರ್ ಬಿಟ್ಟರೆ ಮೋಟರೇ ಕಾರನ್ನು ಹಿಡಿದು ಕರೆಂಟನ್ನು ಬ್ಯಾಟರಿಗೆ ವಾಪಸ್ ಕಳಿಸುತ್ತಲ್ಲ, ಅದರಿಂದ ಪ್ಯಾಡ್ ಸವೆಯೋದೇ ಅಪರೂಪ. ಸವೆಯದಿದ್ದರೆ ಒಳ್ಳೇದಲ್ವಾ ಅಂದರೆ, ಪೂರ್ತಿ ಅಲ್ಲ. ಉಪಯೋಗಿಸದ ಡಿಸ್ಕಿಗೆ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತೆ, ಕ್ಯಾಲಿಪರ್ ಜಾರೋ ಪಿನ್ ಬಿಗಿದುಕೊಳ್ಳುತ್ತೆ. ಬೇಕಾದ ಒಂದು ದಿನ ಬ್ರೇಕ್ ಒಂದು ಕಡೆ ಎಳೆಯಬಹುದು. ಭಾನುವಾರ ಬೆಳಗ್ಗೆ ನಾಗರಬಾವಿ ರಿಂಗ್ ರೋಡ್ ಖಾಲಿ ಇರುವಾಗ, ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು, ರೀಜೆನ್ ಕಡಿಮೆ ಮಾಡಿ ನಾಲ್ಕೈದು ಸಲ ಗಟ್ಟಿಯಾಗಿ ಬ್ರೇಕ್ ಹಾಕ್ತೀನಿ. ಡಿಸ್ಕ್ ಉಜ್ಜಿದ ಪಾತ್ರೆ ಹಾಗೆ ಹೊಳೆಯುತ್ತೆ. ಬ್ರೇಕ್ ಆಯಿಲ್ ಅಂತೂ ಗಾಡಿ ಓಡಲಿ ಬಿಡಲಿ ಗಾಳಿಯ ತೇವ ಹೀರಿಕೊಳ್ಳುತ್ತೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಪ್ಯಾಡ್ ಹೊಸದಾಗಿದೆ ಅಂತ ಇದನ್ನು ಮುಂದೂಡೋರು ಬಹಳ.

ಟೈರ್ ವಿಷಯದಲ್ಲಿ ಮಾತ್ರ ಈ ಕಾರು ಪೆಟ್ರೋಲ್ ಕಾರಿಗಿಂತ ದುಬಾರಿ. ಬ್ಯಾಟರಿಯಿಂದಾಗಿ ಇನ್ನೂರು ಮುನ್ನೂರು ಕಿಲೋ ಹೆಚ್ಚು ತೂಕ, ಜೊತೆಗೆ ಕಾಲಿಟ್ಟ ಕೂಡಲೇ ಪೂರ್ತಿ ಎಳೆತ. ಸಿಗ್ನಲ್ ಬಿಟ್ಟ ತಕ್ಷಣ ಚಿಮ್ಮೋ ಆಸೆ ಇರೋರ ಟೈರು ಬೇಗ ಬೋಳಾಗುತ್ತೆ. ಗಾಡಿ ಆಳ 1.6 ಮಿಲಿಮೀಟರಿಗೆ ಬಂದರೆ ಕಾನೂನಿನ ಪ್ರಕಾರ ಮುಗೀತು, ನಮ್ಮ ಮಳೆಗೆ ಅದಕ್ಕೂ ಮೊದಲೇ ಬದಲಾಯಿಸೋದು ಮೇಲು. ಹದಿನೈದು ದಿನಕ್ಕೊಮ್ಮೆ ಗಾಳಿ, ಆಗಾಗ ಅಲೈನ್‌ಮೆಂಟ್. ಮಾಗಡಿ ರಸ್ತೆ ಹಳ್ಳಗಳಿಗೆ ಕಾರಿನ ಇಂಧನ ಯಾವುದು ಅನ್ನೋ ಭೇದವೇನೂ ಇಲ್ಲ.

ಕೂಲೆಂಟಿಗೆ ನಲ್ಲಿ ನೀರು ಬೆರೆಸೋದು ಬೇಡವೇ ಬೇಡ, ಕಂಪನಿ ಹೇಳಿದ್ದನ್ನೇ ಹಾಕಿಸಿ. ಎಸಿ ಫಿಲ್ಟರ್ ವರ್ಷಕ್ಕೊಮ್ಮೆ ತೆಗೆದು ನೋಡಿದರೆ ಒಂದು ಸಣ್ಣ ತೋಟ ಮಾಡುವಷ್ಟು ಮಣ್ಣು ಸಿಗುತ್ತೆ. ಮತ್ತೆ ಇಲಿ! ಬೇಸ್‌ಮೆಂಟಿನಲ್ಲಿ ನಿಲ್ಲಿಸೋರು ತಿಂಗಳಿಗೊಮ್ಮೆ ಬಾನೆಟ್ ಎತ್ತಿ ಟಾರ್ಚ್ ಬಿಟ್ಟು ನೋಡಿ. ಕೆಂಗೇರಿ ಉಪನಗರದ ಅಪಾರ್ಟ್‌ಮೆಂಟಿನ ನನ್ನ ಸ್ನೇಹಿತನ ಕಾರಿನಲ್ಲಿ ಕಡಿದ ವೈರು, ಅರ್ಧ ತಿಂದ ಬಿಸ್ಕತ್ತು ಎರಡೂ ಸಿಕ್ಕಿದ್ದವು.

ಎಲ್ಲರೂ ಹೆದರೋ ದೊಡ್ಡ ಬ್ಯಾಟರಿ ಮಾತ್ರ ನನಗೆ ಇದುವರೆಗೆ ಏನೂ ತೊಂದರೆ ಕೊಟ್ಟಿಲ್ಲ. ಬಹಳ ಕಂಪನಿಗಳು ಅದಕ್ಕೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತವೆ. ಅದು ನಡೆಯಬೇಕಾದರೆ ಸಮಯಕ್ಕೆ ಸರಿಯಾಗಿ ಸರ್ವೀಸ್ ಮಾಡಿಸಿದ ದಾಖಲೆ ಬೇಕು. ನಿಮ್ಮದು ಯಾವ ಜಾತಿ ಬ್ಯಾಟರಿ ಅಂತ ತಿಳಿದುಕೊಳ್ಳಿ. ಎಲ್‌ಎಫ್‌ಪಿ ಆದರೆ ಆಗಾಗ ನೂರಕ್ಕೆ ನೂರು ಚಾರ್ಜ್ ಮಾಡೋದು ಒಳ್ಳೇದು. ಅದರ ವೋಲ್ಟೇಜ್ ಚಾರ್ಜ್ ಇಳಿದರೂ ಹೆಚ್ಚು ಬದಲಾಗಲ್ಲ, ಹಾಗಾಗಿ ತುಂಬಿದಾಗ ಮಾತ್ರ ಕಾರಿಗೆ ಲೆಕ್ಕ ಸರಿಯಾಗಿ ಸಿಗುತ್ತೆ. ಎನ್‌ಎಂಸಿ ಆದರೆ ದಿನದ ಓಡಾಟಕ್ಕೆ ಎಂಬತ್ತು ಸಾಕು. ವಾಟ್ಸ್ಆ್ಯಪ್‌ನಲ್ಲಿ ಎರಡಕ್ಕೂ ಒಂದೇ ಸಲಹೆ ಓಡಾಡ್ತಿದೆ, ನಂಬಬೇಡಿ, ಮ್ಯಾನ್ಯುಯಲ್ ನೋಡಿ. ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿರೋ ನಮ್ಮೂರಿನ ಹವೆ ಬ್ಯಾಟರಿಗೆ ಹೇಳಿ ಮಾಡಿಸಿದ ಹಾಗಿದೆ, ಅದು ನಮ್ಮ ಪುಣ್ಯ.

ಮೆಕ್ಯಾನಿಕ್ ಅಣ್ಣನ ಲೆಕ್ಕ ಇಷ್ಟು ಸುಲಭದ್ದಲ್ಲ. ಅವರ ಗ್ಯಾರೇಜಿನ ದುಡಿಮೆಯಲ್ಲಿ ಆಯಿಲ್ ಬದಲಾವಣೆ, ಕ್ಲಚ್ ಕೆಲಸವೇ ಹೆಚ್ಚು. "ಇನ್ನು ಹತ್ತು ವರ್ಷಕ್ಕೆ ನಮ್ಮನ್ನ ಯಾರು ಕೇಳ್ತಾರೆ ತಮ್ಮ?" ಅಂತ ಅವತ್ತು ಬ್ಯಾಟರಿ ಹಾಕ್ತಾ ಕೇಳಿದರು. ಟೈರು, ಸಸ್ಪೆನ್ಷನ್ ಬುಷ್, ಬ್ರೇಕ್ ಕ್ಲೀನಿಂಗ್, ಸಣ್ಣ ಬ್ಯಾಟರಿ ಎಲ್ಲಾ ನಿಮ್ಮದೇ ಅಲ್ವಾ ಅಣ್ಣ ಅಂದೆ. ಅವರು ನಗಲಿಲ್ಲ. "ಅಷ್ಟರಲ್ಲಿ ಮೂರು ಹುಡುಗರಿಗೆ ಸಂಬಳ ಆಗಲ್ಲ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಒಬ್ಬ ಹುಡುಗನನ್ನು ಹೈ ವೋಲ್ಟೇಜ್ ಕೆಲಸದ ಟ್ರೈನಿಂಗಿಗೆ ಕಳಿಸೋ ಯೋಚನೆ ಮಾಡಿದ್ದಾರೆ. ಕೇಳಿದ ಕೂಡಲೇ ಅಪ್ಪ ಅಂದರು, "ಕಳಿಸಪ್ಪ, ಬೇಗ ಕಳಿಸು."

ಕಾರಿನದ್ದಲ್ಲದ ಒಂದು ಮೇಂಟೆನೆನ್ಸ್ ಉಳೀತು. ಮನೆಯ ಅರ್ತಿಂಗ್. ಮಾರ್ಚ್ ಏಪ್ರಿಲ್‌ನಲ್ಲಿ ನೆಲ ಒಣಗಿದಾಗ ನಮ್ಮ ಚಾರ್ಜರ್ ಕೆಂಪು ದೀಪ ಹಾಕಿ ಮುಷ್ಕರ ಹೂಡುತ್ತೆ. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಒಂದೆರಡು ವೋಲ್ಟಿನ ಒಳಗಿದ್ದರೆ ನಿಶ್ಚಿಂತೆ, ಜಾಸ್ತಿ ತೋರಿಸಿದರೆ ಎಲೆಕ್ಟ್ರಿಷಿಯನ್ ಕರೆಸಿ. 15 ಆಂಪ್ ಸಾಕೆಟ್ಟಿನ ಪ್ಲಗ್ ಬಿಸಿಯಾಗ್ತಿದೆಯಾ ಅಂತಲೂ ನೋಡಿ. ಅಪ್ಪ ಈಗ ಬೇಸಿಗೆಯಲ್ಲಿ ತುಳಸಿಗೆ ನೀರು ಹಾಕಿದ ಮೇಲೆ ಕಾಂಪೌಂಡ್ ಪಕ್ಕದ ಅರ್ತಿಂಗ್ ಗುಂಡಿಗೂ ಒಂದು ಬಕೆಟ್ ಸುರೀತಾರೆ. ನೀರಿನ ಟ್ಯಾಂಕರ್ ಬರದ ದಿನ ಅಕ್ಕಿ ತೊಳೆದ ನೀರು.