ಹೊಳೆಯಾಚೆಯ ಉಳುವರೆ

2024ರ ಜುಲೈ 16. ಕುವೈತಿನಲ್ಲಿ ಬೆಳಗಿನ ಡ್ಯೂಟಿಗೆ ಹೊರಟಿದ್ದೆ. ಆಯಿ ಫೋನು: "ತಮಾ, ಶಿರೂರು ಗುಡ್ಡ ಗಂಗಾವಳಿಗೆ ಬಿತ್ತು. ಉಳುವರೆ ಅತ್ತೆ ಮನೆ ಹೋಯ್ತು."

ಅರ್ಥವೇ ಆಗಲಿಲ್ಲ. ಗುಡ್ಡ ಇರೋದು ಹೆದ್ದಾರಿ ಪಕ್ಕ, ಈಚೆ ದಡದಲ್ಲಿ. ಉಳುವರೆ ಹೊಳೆಯಾಚೆ! ಮಣ್ಣು ಬಿದ್ದ ರಭಸಕ್ಕೆ ನೀರು ಎದ್ದು ಆಚೆ ದಡದ ಮನೆಗಳಿಗೆ ನುಗ್ಗಿತ್ತು. ಅಲ್ಲೂ ಜೀವ ಹೋಯಿತು. ಅತ್ತೆ ಗದ್ದೆಗೆ ಹೋಗಿದ್ದಕ್ಕೆ ಉಳಿದರು.

ಮಳೆ ಜೋರಿತ್ತು, ನಿಜ. ಆದರೆ ನಮ್ಮ ಕಡೆಗೆ ಆಷಾಢದ ಮಳೆ ಹೊಸತೇ? ರಸ್ತೆ ಅಗಲ ಮಾಡೋಕೆ ಗುಡ್ಡದ ಬುಡ ಕಡಿದಿದ್ದರು. ಹಿಂದಿನ ರಜೆಯಲ್ಲಿ ಗೋವಾಕ್ಕೆ ಇಳಿದು, ಅದೇ ರಸ್ತೆಯಲ್ಲಿ ಬೇಗ ಮನೆ ಮುಟ್ಟಿದೆ ಅಂತ ಖುಷಿಪಟ್ಟವನು ನಾನೇ.

ಅತ್ತೆ ಈಗ ನಮ್ಮನೆಯಲ್ಲಿದ್ದಾರೆ. ಮಳೆ ಜೋರಾದರೆ ರಾತ್ರಿಯೆಲ್ಲ ಎದ್ದು ಕೂರ್ತಾರಂತೆ.