ಭರಣಿಯ ವ್ಯಾಜ್ಯ

ದೋಹಾದಲ್ಲಿ ಅಮ್ಮ ಮೆಚ್ಚಿದ ಮೊದಲ ವಸ್ತು ಬಿಸಿಲು. ತೀರ್ಥಹಳ್ಳಿಯ ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಮದುವೆಯ ಆಲ್ಬಮ್ಮಿನ ಮೇಲೂ ಬೂಷ್ಟು ಹಬ್ಬುವುದನ್ನು ಕಂಡವಳು ಅವಳು. "ಇಷ್ಟು ಬಿಸಿಲು ಸುಮ್ಮನೆ ಬಿದ್ದಿದೆಯಲ್ಲೋ, ಇಲ್ಲಿಯವರು ಹಪ್ಪಳ ಮಾಡುವುದಿಲ್ಲವಾ?" ಎಂದಳು. ಇಲ್ಲಿಯವರು ಪರದೆ ಎಳೆದು, ಎ.ಸಿ. ಹಾಕಿ, ಆ ಬಿಸಿಲಿಗೆ ತಲೆಮರೆಸಿಕೊಂಡಿರುತ್ತಾರೆ ಎಂದರೆ ಅವಳಿಗೆ ಯಾರೋ ದೇವರ ಪ್ರಸಾದ ಚೆಲ್ಲಿದಷ್ಟು ಸಂಕಟ.

ಆಗಸ್ಟಿನಲ್ಲಿ ಬಾಲ್ಕನಿಯಲ್ಲಿ ಸೆಂಡಿಗೆ ಹರವಿದಳು. ಬಿಸಿಲು 40 ಡಿಗ್ರಿ ದಾಟಿತ್ತು. ಸಂಜೆ ಕಡಲಿನಿಂದ ಬಂದ ಹಸಿಗಾಳಿಗೆ ಸೆಂಡಿಗೆ ಮತ್ತೆ ಮೆತ್ತಗಾಯಿತು. ಜೂನಿನಲ್ಲಿ ಬೀಸುವ ಶಮಾಲ್ ಗಾಳಿ ಚೆನ್ನಾಗಿ ಒಣಗಿಸಿಕೊಡುತ್ತದೆ, ಆದರೆ ಮರಳುಗಾಡಿನ ಒಂದು ಪಾಲನ್ನೂ ಬೆರೆಸಿಯೇ ಕೊಡುತ್ತದೆ.

ನಮ್ಮ ಮನೆಯಲ್ಲಿ ಬೂಷ್ಟಿನ ಬಗ್ಗೆ ಹಳೆಯ ವ್ಯಾಜ್ಯವೊಂದಿತ್ತು. ಅಟ್ಟದ ಭರಣಿಯಲ್ಲಿ ಮಿಡಿ ಉಪ್ಪಿನಕಾಯಿಗೆ ಬೂಷ್ಟು ಬಂದಾಗಲೆಲ್ಲ ಅಪ್ಪಯ್ಯ "ಅಟ್ಟದ ಕತ್ತಲೆಗೆ ಹಾಗಾಗುತ್ತದೆ" ಎನ್ನುತ್ತಿದ್ದರು. ಅಮ್ಮ "ಒದ್ದೆ ಕೈ ಹಾಕಿದರೆ ಹಾಗಾಗುತ್ತದೆ" ಎನ್ನುತ್ತಿದ್ದಳು. ರಾತ್ರಿ ಮಜ್ಜಿಗೆ ಅನ್ನಕ್ಕೆ ಇನ್ನೊಂದು ಮಿಡಿ ಬೇಕೆನಿಸಿ, ತೊಳೆದ ಕೈ ಒರೆಸಿಕೊಳ್ಳದೆ ಅಟ್ಟ ಹತ್ತುವವರು ಯಾರೆಂದು ಮನೆಗೆಲ್ಲ ಗೊತ್ತು. ಅಪ್ಪಯ್ಯ ಮಾತ್ರ ಕೊನೆಯವರೆಗೂ ಕತ್ತಲೆಯ ಮೇಲೆಯೇ ದೂರು ಹೊರಿಸಿದರು. ಅವರು ಹೋದ ಮೇಲೆ ಅದೇ ಅಟ್ಟ, ಅದೇ ಕತ್ತಲೆ. ಭರಣಿಗೆ ಬೂಷ್ಟು ಬರಲಿಲ್ಲ.

ಒಮ್ಮೆ ಅಮ್ಮನನ್ನು ಜುಬಾರಾಕ್ಕೆ ಕರೆದೊಯ್ದೆವು. 2013ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಪಾಳು ಪಟ್ಟಣ ಅದು. ಹಳೆಯ ಮನೆಗಳಲ್ಲಿ ಮದ್‌ಬಸಾ ಎಂಬ ಕೋಣೆ ಇರುತ್ತಿತ್ತು. ಖರ್ಜೂರದ ಮೂಟೆಗಳನ್ನು ಪೇರಿಸಿಟ್ಟರೆ ತಮ್ಮ ಭಾರಕ್ಕೆ ತಾವೇ ರಸ ಬಿಟ್ಟು, ಅದು ನೆಲದ ಸಣ್ಣ ಕಾಲುವೆಗಳಲ್ಲಿ ಹರಿದು ಜಾಡಿಗಿಳಿಯುತ್ತಿತ್ತು. "ಮುಚ್ಚಿದ ಕೋಣೆಯಲ್ಲಿ ಬೂಷ್ಟು ಬರುತ್ತಿರಲಿಲ್ಲವಾ?" ಸಕ್ಕರೆ ಅಷ್ಟು ದಟ್ಟವಾಗಿದ್ದರೆ ನೀರನ್ನು ಅದೇ ಹಿಡಿದಿಟ್ಟುಕೊಳ್ಳುತ್ತದೆ, ಬೂಷ್ಟಿಗೆ ದಕ್ಕಗೊಡುವುದಿಲ್ಲ, ನಿನ್ನ ಮಿಡಿಯಲ್ಲಿ ಉಪ್ಪು ಮಾಡುವುದೂ ಅದನ್ನೇ ಎಂದೆ. "ಹಾಗಾದರೆ ಇಲ್ಲಿಯ ಗಂಡಸರು ಕೈ ಒರೆಸಿಕೊಳ್ಳುತ್ತಿದ್ದರು ಅನ್ನು" ಎಂದಳು.

ಮಗನಿಗೆ ಶಾಲೆಯಲ್ಲಿ ಪ್ರಯೋಗ ಕೊಟ್ಟರು. ಒಂದು ಬ್ರೆಡ್ ತುಂಡು ಕಿಟಕಿಯಲ್ಲಿ, ಇನ್ನೊಂದು ಕಪಾಟಿನೊಳಗೆ. ಕಿಟಕಿಯದು ಒಣಗಿ ರಸ್ಕಾಯಿತು, ಕಪಾಟಿನದಕ್ಕೆ ಹಸಿರು ಹಿಡಿಯಿತು. ಅಪ್ಪಯ್ಯ ಗೆದ್ದರೆಂದುಕೊಂಡೆ. ಹುಡುಗ ಅಲ್ಲಿಗೆ ಬಿಡಲಿಲ್ಲ. ನೀರು ಚಿಮುಕಿಸಿದ ತುಂಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಒಂದನ್ನು ಟ್ಯೂಬ್‌ಲೈಟಿನ ಕೆಳಗೆ, ಒಂದನ್ನು ಕಪಾಟಿನಲ್ಲಿಟ್ಟ. ಎರಡಕ್ಕೂ ಬಂತು. ಬೂಷ್ಟಿನಲ್ಲಿ ಪತ್ರಹರಿತ್ತಿಲ್ಲ, ಬೆಳಕಿನ ಹಂಗೂ ಇಲ್ಲ; ತೇವ ಮತ್ತು ಬೆಚ್ಚನೆ ಹವೆ ಸಿಕ್ಕರಾಯಿತು. ಬಿಸಿಲು ಅದನ್ನು ತಡೆಯುವುದು ಹೆಚ್ಚಾಗಿ ಒಣಗಿಸಿ, ತುಸು ಅತಿನೇರಳೆ ಕಿರಣದಿಂದ.

"ಅಜ್ಜಿ, ಕತ್ತಲೆಯದ್ದೇನೂ ತಪ್ಪಿಲ್ಲ. ಎಲ್ಲ ನೀರಿನದ್ದೇ."

ಅಷ್ಟು ವರ್ಷದ ವ್ಯಾಜ್ಯ ಅಮ್ಮನ ಪರವಾಗಿ ತೀರ್ಮಾನವಾಗಿತ್ತು. ಅವಳು ಹಿಗ್ಗಲಿಲ್ಲ. ಬೆಳಕು, ಕತ್ತಲೆ ಅಂತ ವ್ಯತ್ಯಾಸ ತಿಳಿಯುವ ಬೂಷ್ಟು ಒಂದೂ ಇಲ್ಲವಾ ಎಂದು ನನ್ನನ್ನು ಕೇಳಿದಳು. ಇದೆ ಎಂದೆ. 1843ರಲ್ಲಿ ಪ್ಯಾರಿಸ್ಸಿನ ಬೇಕರಿಗಳನ್ನು ಕಾಡಿದ ನ್ಯೂರೋಸ್ಪೋರಾದ ಎಳೆಗಳು ಕತ್ತಲಲ್ಲಿ ಬಿಳಿಚಿಕೊಂಡಿರುತ್ತವೆ, ಬೆಳಕು ಬಿದ್ದರೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಅಷ್ಟು ಸಾಕಾಯಿತು ಅವಳಿಗೆ.

"ಕೇಳಿದೆಯಾ ಮಾಣಿ? ಎಲ್ಲ ಒದ್ದೆಯಿಂದಲೇ ಅಂತ ಬರೆಯಬೇಡ. ನಿನ್ನ ಅಜ್ಜಯ್ಯ ಹೇಳುತ್ತಿದ್ದ ಹಾಗೆ, ಕತ್ತಲೆಯದೂ ಸ್ವಲ್ಪ ಇರುತ್ತದೆ."